ಚಪ್ಪಾಳೆಗೆ ಮುಂಚಿನ ಮಾತು

19 ಆಗಸ್ಟ್ 2024, ಸೋಮವಾರ

ಹಾಸನದ ಆಸ್ಪತ್ರೆಯಿಂದ ಅಪ್ಪನನ್ನು ಮನೆಗೆ ಕರೆತಂದೆವು. ಕರೆತಂದೆವು ಅಂತ ಬರೆಯುವುದು ಸುಲಭ, ನಾಲ್ಕು ಜನ ಸೇರಿ ಹೊತ್ತು ತಂದದ್ದು. ಬಲಗೈ, ಬಲಗಾಲು ಎರಡೂ ಬಿದ್ದುಹೋಗಿವೆ. ಬಾಯಿ ಒಂದು ಕಡೆಗೆ ಜಾರಿದೆ. ಮಾತಿಲ್ಲ. ಹೊಳೆನರಸೀಪುರದಲ್ಲಿ ಬರೀ ಮಾತಿನಿಂದ ಒಂದು ಸಭೆ ಕಟ್ಟಿದ ಪಾಸ್ಟರ್ ದೇವರಾಜ್ ಅವರಿಗೆ ಈಗ ನೀರು ಬೇಕು ಅನ್ನಲೂ ಬರುವುದಿಲ್ಲ. ದೇವರೇ, ಇನ್ನೊಂದು ಕಾಲನ್ನೂ ತೆಗೆದುಕೊಂಡು ಮಾತನ್ನು ಬಿಟ್ಟಿದ್ದರೆ ನಿನಗೇನು ನಷ್ಟವಾಗುತ್ತಿತ್ತು?

ಡಾಕ್ಟರು ಹೇಳಿದ್ದು: "ಕಿವಿ ಕೇಳತ್ತೆ, ಹೇಳಿದ್ದೆಲ್ಲ ಅರ್ಥ ಆಗತ್ತೆ. ಆಚೆಗೆ ಬರಲ್ಲ ಅಷ್ಟೇ. ಅವ್ರ ಮುಂದೆ ಹುಷಾರಾಗಿ ಮಾತಾಡಿ."

ಅಪ್ಪನನ್ನು ಮಂಚಕ್ಕೆ ಮಲಗಿಸಿ ಬೆವರು ಒರೆಸಿಕೊಳ್ಳುವ ಮೊದಲೇ ಸಭೆಯ ಹಿರಿಯ ಮೋಹನ್‌ಕುಮಾರಣ್ಣ ನನ್ನನ್ನು ಅಡುಗೆಮನೆಗೆ ಕರೆದರು.

"ಭಾನ್ವಾರದ ಪ್ರೋಗ್ರಾಂ ನಿಲ್ಲಂಗಿಲ್ಲ ಕಣಮ್ಮ ಸ್ನೇಹಾ. ಪಾಸ್ಟ್ರು ಆಸಿಗೆ ಇಡುದ್ರು ಅಂತ ಗೊತ್ತಾದ್ರೆ ಜನ ಚದುರೋಯ್ತಾರೆ. ಅಳೇ ರೆಕಾರ್ಡಿಂಗು ರಾಶಿ ಬಿದ್ದವಲ್ಲ, ಅದ್ರಲ್ಲೇ ಒಂದೆರಡು ತಿಂಗ್ಳು ತಳ್ಳು. ಅಷ್ಟೊತ್ಗೆ ಎದ್ದೇಳ್ತಾರೆ."

ದೇವರು ಒಬ್ಬೊಬ್ಬರಿಗೆ ಒಂದೊಂದು ವರ ಕೊಟ್ಟಿದ್ದಾನೆ. ಮೋಹನ್‌ಕುಮಾರಣ್ಣನಿಗೆ ಕೊಟ್ಟದ್ದು ಬೇರೆಯವರಿಗೆ ಕೆಲಸ ಹಚ್ಚುವ ವರ. ಆದರೂ ಒಪ್ಪಿಕೊಂಡೆ. ಅಪ್ಪನ ಧ್ವನಿ ಮನೆಯಲ್ಲಿ ಕೇಳುತ್ತಿರಲಿ ಎಂಬ ಆಸೆ ನನಗೂ ಇತ್ತು.

22 ಆಗಸ್ಟ್, ಗುರುವಾರ

ಇಷ್ಟು ವರ್ಷ ನಮ್ಮ ಭಾನುವಾರದ ಟಿವಿ ಪ್ರೋಗ್ರಾಂ 'ಹೊಳೆದಂಡೆಯ ದನಿ'ಯನ್ನು ಎಡಿಟ್ ಮಾಡುತ್ತಿದ್ದವನು ಮದುವೆ ವಿಡಿಯೋದ ಮನೋಹರ. ಅವನಿಗೆ ಈಗ ಮದುವೆಗಳೇ ಹೊಟ್ಟೆತುಂಬ. "ನೀವೇ ಕಲ್ತ್ಕಳಿ ಮೇಡಂ, ಸೀರೆಗೆ ಫಾಲ್ ಹಚ್ಚೋಕಿಂತ ಸುಲಭ" ಎಂದು ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟು ಹೋದ. ನನಗೆ ಬೆಳಗಿಂದ ಸಂಜೆವರೆಗೆ ಮೌಸ್ ಹಿಡಿಯುವುದೇ ಆಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಲ್ಯಾಪ್‌ಟಾಪನ್ನು ಬೈದೆ.

ಅವನು ಹೇಳಿಕೊಟ್ಟದ್ದು ಇಷ್ಟು. ಮೇಲಿನ ಸಾಲು ಚಿತ್ರ, ಕೆಳಗಿನ ಸಾಲು ಧ್ವನಿ. ಬೇಡದ್ದನ್ನು ಕತ್ತರಿಸಿ ಎರಡು ತುದಿ ಕೂಡಿಸಬೇಕು. ಕೂಡಿಸಿದ ಕಡೆ ಅಪ್ಪನ ತಲೆ ಎಗರಿದಂತೆ ಕಾಣುತ್ತದೆ. ಅದನ್ನು ಮುಚ್ಚಲು ಮೇಲೆ ಹೇಮಾವತಿ ಹೊಳೆಯ ಶಾಟ್ ಇಡಬೇಕು. ನೋಡುವವರು ಹೊಳೆ ನೋಡುತ್ತಾರೆ, ಮಾತು ಕೆಳಗೆ ಹರಿಯುತ್ತಿರುತ್ತದೆ.

ಮತ್ತೆ ಚಪ್ಪಾಳೆ. ಅದು ನನಗೆ ಮೊದಲೇ ಗೊತ್ತಿತ್ತು. ಅಪ್ಪ ತಪ್ಪು ಮಾತಾಡಿದರೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿ ಮತ್ತೆ ಶುರು ಮಾಡುತ್ತಾರೆ. ಧ್ವನಿಯ ಗೆರೆಯಲ್ಲಿ ಆ ಜಾಗ ಜಾಲಿಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ. ಚಪ್ಪಾಳೆಗೆ ಮುಂಚಿನ ಮಾತು ರದ್ದು ಅಂತ ಅರ್ಥ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅಪ್ಪನಿಗೆ ಮಾತ್ರ ಆಡಿದ ಮಾತನ್ನು ವಾಪಸ್ ಪಡೆಯುವ ದಾರಿ ಇತ್ತು.

ಅಪ್ಪನಿಗೆ ಅದನ್ನು ಕಲಿಸಿದ್ದು ಅಕ್ಕ. ದಿವ್ಯಕ್ಕ ಕ್ಯಾಮೆರಾ ಹಿಂದೆ, ಅಪ್ಪ ಕ್ಯಾಮೆರಾ ಮುಂದೆ, ನಾನು ಇಬ್ಬರಿಗೂ ಕಾಫಿ ತರುವವಳು. ಆರು ವರ್ಷದ ಹಿಂದೆ ಅವಳು ಜಿನನಾಥಪುರದ ಮಹಾವೀರನನ್ನು ಮದುವೆಯಾಗಿ ಹೋದಳು. ಅವರು ಜೈನರು. ಅಪ್ಪ ಅವತ್ತಿನಿಂದ ಅವಳ ಹೆಸರು ಎತ್ತಲಿಲ್ಲ. ಕಾಫಿ ತರುವವಳೇ ಉಳಿದಳು.

25 ಆಗಸ್ಟ್, ಭಾನುವಾರ

ಮೊದಲ ಪ್ರೋಗ್ರಾಂ ಹೋಯಿತು. ಒಂದು ಹಳೆಯ ಸಂದೇಶವನ್ನು ಇಡಿಯಾಗಿ ಹಾಕಿದೆ, ಶುರುವಿನಲ್ಲಿ ನನ್ನದೇ ಎರಡು ಮಾತು. ಟಿವಿಯನ್ನು ಅಪ್ಪನ ಮಂಚದ ಎದುರಿಗೆ ತಿರುಗಿಸಿದ್ದೆ. ತಮ್ಮನ್ನೇ ನೋಡುತ್ತ ಅಪ್ಪನ ಕಣ್ಣಲ್ಲಿ ನೀರು ಬಂತು. ನಾನು ಒರೆಸಿದೆ, ಗಂಜಿ ಕುಡಿಸಿದೆ, ಪಕ್ಕದಲ್ಲೇ ಕೂತು ಅವರ ಎಡಗೈ ಹಿಡಿದುಕೊಂಡೆ. ಚಿಕ್ಕಂದಿನಲ್ಲೂ ಅಪ್ಪನ ಕೈಯನ್ನು ಇಷ್ಟು ಹೊತ್ತು ಹಿಡಿದ ನೆನಪಿಲ್ಲ.

3 ಸೆಪ್ಟೆಂಬರ್, ಮಂಗಳವಾರ

ಅಕ್ಕನ ಫೋನ್. ಯಾರೋ ಹೇಳಿದ್ದಾರೆ.

"ಒಂದ್ಸಲ ಬಂದು ನೋಡ್ಕಂಡು ಓಗ್ತೀನಿ ಕಣೇ. ಒಳಕ್ಕೆ ಕರೀದೆ ಇದ್ರೂ ಪರ್ವಾಗಿಲ್ಲ, ಬಾಗ್ಲಲ್ಲೇ ನಿಂತ್ಕತೀನಿ."

"ಅಪ್ಪನ್ನ ಕೇಳಿ ಹೇಳ್ತೀನಿ" ಅಂದೆ.

ಕೇಳಲಿಲ್ಲ. ಉದ್ವೇಗ ಆಗಬಾರದು, ಬಿ.ಪಿ. ಏರಬಾರದು ಅಂದಿದ್ದಾರೆ. ಆರು ವರ್ಷ ಅವಳ ಸುದ್ದಿಯಿಲ್ಲದೆ ಬದುಕಿದವರಿಗೆ ಈಗ ಯಾಕೆ? ಉಚ್ಚೆ ಬಾಚುವುದು ನಾನು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು ನಾನು. ಅವಳು ಬಂದು ಅತ್ತು ಹೋದರೆ ಊರಿಗೆಲ್ಲ ಅವಳೇ ಮಗಳು.

12 ಸೆಪ್ಟೆಂಬರ್, ಗುರುವಾರ

ಮೋಹನ್‌ಕುಮಾರಣ್ಣನಿಗೆ ಈ ವಾರ 'ಕುಟುಂಬ' ಎಂಬ ವಿಷಯ ಬೇಕಂತೆ. ಅಪ್ಪ ಕುಟುಂಬದ ಬಗ್ಗೆ ಇಡಿಯಾಗಿ ಮಾತಾಡಿದ್ದು ಒಂದೂ ಸಿಗಲಿಲ್ಲ. ಅಲ್ಲೊಂದು ಇಲ್ಲೊಂದು ತುಂಡು ಆರಿಸಿ ಪೋಣಿಸತೊಡಗಿದೆ. ನನಗೀಗ ಕೈ ಪಳಗಿದೆ. ಅಪ್ಪ ಯಾವ ಮಾತಿನ ಮುಂದೆ ಉಸಿರೆಳೆಯುತ್ತಾರೆ, ಎಲ್ಲಿ ಕತ್ತರಿಸಿದರೆ ಗಾಯ ಕಾಣುವುದಿಲ್ಲ, ಎಲ್ಲ ಗೊತ್ತು.

ಹಾರ್ಡ್‌ಡಿಸ್ಕಿನಲ್ಲಿ 2018ರ ಜೂನ್ ತಿಂಗಳ ಒಂದು ರೆಕಾರ್ಡಿಂಗ್ ಸಿಕ್ಕಿತು, ಅಕ್ಕ ಹೋದ ಮರುವಾರದ್ದು. ಪ್ರಸಾರವೇ ಆಗಿಲ್ಲ. ಬಿಳಿ ಶರಟು ಹಾಕಿ ಅಪ್ಪ ನೇರ ಕ್ಯಾಮೆರಾ ನೋಡಿ ಹೇಳುತ್ತಾರೆ: "ದೇವರು ನನಗೆ ಕೊಟ್ಟಿದ್ದು ಒಬ್ಬಳೇ ಮಗಳು. ಕಡೇತನಕ ನನ್ನ ಜೊತೆ ಇರೋಳು ಅವಳೇ."

ಎಷ್ಟು ಸಲ ಹಾಕಿ ಕೇಳಿದೆನೋ. ನನ್ನ ಎದುರಿಗೆ ಅಪ್ಪ ಇಂಥ ಮಾತು ಒಂದು ದಿನವೂ ಆಡಿದವರಲ್ಲ. ಕ್ಯಾಮೆರಾ ಮುಂದಾದರೂ ಆಡಿದ್ದಾರಲ್ಲ ಎಂದು ಅಡುಗೆಮನೆಗೆ ಹೋಗಿ ಅತ್ತೆ. ಸಂತೋಷಕ್ಕೇ ಅತ್ತದ್ದು.

ಅದರ ಹಿಂದೆಯೇ ಒಂದು ಚಪ್ಪಾಳೆ ಇದೆ. ಆಚೆ ರಸ್ತೆಯಲ್ಲಿ ಲಾರಿ ಗೀರಿ ಹೋಗಿರಬೇಕು, ಅದಕ್ಕೆ ತಟ್ಟಿದ್ದಾರೆ. ಮಾತಂತೂ ನೀಟಾಗಿದೆ. ಆಮೇಲೆ ಮತ್ತೆ ಶುರು ಮಾಡಿದ್ದಾರೆ, ಆದರೆ ಗಂಟಲು ಕಟ್ಟಿ ಧ್ವನಿ ಕೆಟ್ಟಿದೆ, ರೆಕಾರ್ಡಿಂಗ್ ಅಲ್ಲಿಗೇ ನಿಂತಿದೆ. ಬಳಸಲು ಬರುವಂಥದ್ದಲ್ಲ. ಚಪ್ಪಾಳೆಯನ್ನು ಕತ್ತರಿಸಿ, ಮೇಲೆ ಹೊಳೆ ಇಟ್ಟೆ.

15 ಸೆಪ್ಟೆಂಬರ್, ಭಾನುವಾರ

ಎಷ್ಟು ದಿನದ ಮೇಲೆ ಒಳ್ಳೆಯ ದಿನ! ಅಪ್ಪ ಟಿವಿ ನೋಡುತ್ತಿರುವುದನ್ನು ಮೊಬೈಲಿನಲ್ಲಿ ಹಿಡಿ, ಚೇತರಿಸಿಕೊಳ್ಳುತ್ತಿದ್ದಾರೆ ಅಂತ ಜನಕ್ಕೆ ತೋರಿಸೋಣ ಎಂದು ಮೋಹನ್‌ಕುಮಾರಣ್ಣ ಹೇಳಿದ್ದರು. ಬಲಗಡೆ ಕಾಣದ ಹಾಗೆ ಶಾಲು ಹೊದಿಸಿ ಹಿಡಿಯುತ್ತಿದ್ದೆ. "ಒಬ್ಬಳೇ ಮಗಳು" ಅನ್ನುವ ಮಾತು ಬಂತು, ಅಪ್ಪ ಎಡಗೈ ಎತ್ತಿ ಮಂಚದ ಪಟ್ಟಿಯ ಮೇಲೆ ಪಟ್ ಎಂದು ಹೊಡೆದರು! ಆಸ್ಪತ್ರೆಯಿಂದ ಬಂದ ಮೇಲೆ ಆ ಕೈಯಲ್ಲಿ ಅಷ್ಟು ಬಲ ಕಂಡಿರಲಿಲ್ಲ. ಆಮೇಲೆ ನನ್ನ ಕಡೆ ನೋಡಿ ಮತ್ತೊಮ್ಮೆ ಹೊಡೆದರು. ಸ್ತೋತ್ರ ಹಾಡುವಾಗ ಮೇಜಿನ ಮೇಲೆ ತಾಳ ಹಾಕುತ್ತಿದ್ದ ಕೈ ಅದು. "ಹೌದು ಅಪ್ಪ, ಇಲ್ಲೇ ಇದೀನಿ, ಎಲ್ಲೂ ಹೋಗಲ್ಲ" ಅಂದೆ. ಅವರು ಕಣ್ಣು ಮುಚ್ಚಿಕೊಂಡರು.

ರಾಮನಾಥಪುರದಿಂದ ಹೊಗೆಸೊಪ್ಪಿನ ಚನ್ನಪ್ಪನವರು ಫೋನ್ ಮಾಡಿದ್ದರು. "ಏನ್ ಮಾತಮ್ಮ ಪಾಸ್ಟ್ರುದು! ಒಬ್ಳೇ ಮಗ್ಳು ಅಂದ್ರಲ್ಲ, ನಮ್ಮನೇಲೆಲ್ಲ ಕಣ್ಣೀರ್ ಆಕ್ಬುಟ್ರು" ಅಂದರು.

18 ಸೆಪ್ಟೆಂಬರ್, ಬುಧವಾರ

ಅಕ್ಕ ಪ್ರೋಗ್ರಾಂ ನೋಡಿದ್ದಾಳೆ, ಫೋನ್ ಮಾಡಿದಳು.

"ಅಪ್ಪ ಯಾವಾಗ್ ಅಂದಿದ್ದು ಅದ್ನ?"

"ಅವರ ಬಾಯಲ್ಲೇ ಬಂತಲ್ಲ, ನೋಡಿದೆಯಲ್ಲ."

"ಆ ಮಾತಾಗಿದ್ ತಕ್ಷಣ ಒಳೆ ತೋರುಸ್ದೆ. ಒಳೆ ಕೆಳ್ಗೆ ಏನಿತ್ತು ಸ್ನೇಹಾ?"

ಕಳ್ಳಿ. ಅವಳಿಗೆ ಈ ಕೆಲಸ ಗೊತ್ತು.

"ಏನೂ ಇಲ್ಲ, ಚೆಂದಕ್ಕೆ ಹಾಕಿದೆ" ಅಂದೆ.

"ಆಗ್ಲಿ ಬುಡು. ಅಪ್ಪಂಗೆ ಬ್ಯಾಡ ಅಂದ್ರೆ ನಾನ್ ಬರಲ್ಲ" ಎಂದು ಇಟ್ಟುಬಿಟ್ಟಳು. ನಾನು ಬರಬೇಡ ಅನ್ನಲಿಲ್ಲ. ಅಪ್ಪ ಅಂದದ್ದು.

6 ಅಕ್ಟೋಬರ್, ಭಾನುವಾರ

ಆ ಮಾತನ್ನೇ ಈಗ ಪ್ರೋಗ್ರಾಂನ ಶುರುವಿಗೆ ಹಾಕಿದ್ದೇನೆ. ಹೊಳೆ, ತೆಂಗಿನ ಸಾಲು, ಅಪ್ಪನ ಮುಖ, ಮಾತು, ಆಮೇಲೆ ಹಾಡು. ಪ್ರತಿ ವಾರ ಬರುತ್ತದೆ. ಅರಕಲಗೂಡಿನಲ್ಲಿ ಮಕ್ಕಳು ಕೂಡ ಅದನ್ನು ಅಪ್ಪನ ಥರ ಹೇಳುತ್ತವಂತೆ.

ಮಂಚ ಬಡಿಯುವುದು ಮಾತ್ರ ಹೆಚ್ಚಾಗಿದೆ. ಮಾತು ಬಂದಾಗಲೆಲ್ಲ ಪಟ್, ಪಟ್. ಗಿಣ್ಣು ಕೆಂಪಾಗಿದೆ. ಇವತ್ತು ಇನ್ನೊಂದು ಶಾಟ್ ಹಿಡಿಯಬೇಕಿತ್ತು, ಸದ್ದಿನಿಂದ ಹೋದ ಸಲ ಹಾಳಾಗಿತ್ತು. ಕೈ ಕೆಳಗೆ ಒಂದು ದಿಂಬು ಇಟ್ಟೆ. ನೋವೂ ಆಗುವುದಿಲ್ಲ, ಸದ್ದೂ ಬರುವುದಿಲ್ಲ. ಈ ಉಪಾಯ ಮೊದಲೇ ಯಾಕೆ ಹೊಳೆಯಲಿಲ್ಲವೋ.

20 ಅಕ್ಟೋಬರ್, ಭಾನುವಾರ

ಇವತ್ತು ಅಪ್ಪ ಬಹಳ ಚೆನ್ನಾಗಿ ಮಾತಾಡಿದರು. ಏಳು ರೆಕಾರ್ಡಿಂಗಿನಿಂದ ಆರಿಸಿದ್ದೆ, ಒಂದು ಸೇರುವೆಯೂ ಕಾಣಲಿಲ್ಲ. ಬಿಳಿ ಶರಟು, ನೇರ ಕತ್ತು, ಒಂದು ಕೆಮ್ಮಿಲ್ಲ.

ಒಳಗೆ ಅವರಿಗೆ ಗಂಜಿ ಕೊಡುವುದು ತಡವಾಯಿತು. ಬೆನ್ನಿನಲ್ಲಿ ಒಂದು ಕಡೆ ಕೆಂಪಾಗಿದೆ. ಈಗ ಕೈ ಎತ್ತುವುದಿಲ್ಲ. ಒಗ್ಗಿಕೊಂಡಿದ್ದಾರೆ ಅಂತ ಕಾಣುತ್ತದೆ.

9 ನವೆಂಬರ್, ಶನಿವಾರ

ಅಕ್ಕ ಬಂದಿದ್ದಳು. ಹೇಳದೆ ಕೇಳದೆ.

ನಾನು ಹಾಲಿನಲ್ಲಿ ಎಡಿಟ್ ಮಾಡುತ್ತ ಕೂತಿದ್ದೆ. ಗೇಟಿನ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಅವಳು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ದಪ್ಪಗಾಗಿದ್ದಾಳೆ, ಕಿವಿಯ ಹತ್ತಿರ ನರೆ. "ಸ್ನೇಹಾ" ಎಂದು ಕರೆದಳು. ಒಳಗಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು.

ಆಗಲೇ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂನ ಶುರು ಓಡುತ್ತಿತ್ತು. ಸ್ಪೀಕರ್ ಜೋರಾಗಿತ್ತು. ದೇವರು ನನಗೆ ಕೊಟ್ಟಿದ್ದು ಒಬ್ಬಳೇ ಮಗಳು. ಕಡೇತನಕ ನನ್ನ ಜೊತೆ ಇರೋಳು ಅವಳೇ.

ನಾನು ಬೇಕಂತ ಹಾಕಿದ್ದಲ್ಲ. ನಿಲ್ಲಿಸಲೂ ಇಲ್ಲ. ಅಕ್ಕ ಗೇಟಿನ ಚಿಲಕ ಹಿಡಿದುಕೊಂಡೇ ಪೂರ್ತಿ ಕೇಳಿದಳು. ಡಬ್ಬಿಯನ್ನು ಕಾಂಪೌಂಡಿನ ಮೇಲಿಟ್ಟು ಹೊರಟುಹೋದಳು.

ಕೋಣೆಗೆ ಹೋದಾಗ ಅವರು ಅರ್ಧ ಮಂಚದಿಂದ ಆಚೆ ಜಾರಿದ್ದರು, ಎಡಗೈ ನೆಲಕ್ಕೆ ತಾಗುತ್ತಿತ್ತು. ಬಾಯಿಂದ ಏನೋ ಸ್ವರ ಬರುತ್ತಿತ್ತು. ಎತ್ತಿ ಮಲಗಿಸಿದೆ. ಯಾರು ಬಂದಿದ್ದು ಎಂದು ಹೇಳಲಿಲ್ಲ. ಡಬ್ಬಿಯಲ್ಲಿ ರಾಗಿ ಹಾಲುಬಾಯಿ ಇತ್ತು, ಅವರಿಗೆ ಇಷ್ಟವಾದದ್ದು. ಕೊಡಲಿಲ್ಲ. ಗಂಟಲಿಗೆ ಸಿಕ್ಕಿಕೊಂಡರೆ?

17 ನವೆಂಬರ್, ಭಾನುವಾರ

ಬೆಳಿಗ್ಗೆ ಮತ್ತೆ ಸ್ಟ್ರೋಕ್. ಹಾಸನದ ದಾರಿಯಲ್ಲೇ ಹೋದರು.

19 ನವೆಂಬರ್, ಮಂಗಳವಾರ

ಮಣ್ಣಾಯಿತು. ಸಭೆಯೆಲ್ಲ ಬಂದಿತ್ತು, ಅರಕಲಗೂಡು, ರಾಮನಾಥಪುರದಿಂದಲೂ. ಎಲ್ಲರೂ ನನ್ನ ತಲೆ ಸವರಿ, "ಕಡೇತನಕ ಜೊತೆಗಿದ್ದೆ ಮಗಳೇ" ಅಂದರು. ಇಷ್ಟು ದಿನ ಈ ಮಾತಿಗೇ ಕಾದಿದ್ದೆ. ಇವತ್ತು ಕೇಳಿಸಿಕೊಳ್ಳಲು ಆಗಲಿಲ್ಲ.

ಸ್ಮಶಾನದ ಗೋಡೆಯಾಚೆ ಅಕ್ಕ, ಮಹಾವೀರ್ ನಿಂತಿದ್ದರು. ಒಳಗೆ ಬನ್ನಿ ಎಂದು ಚನ್ನಪ್ಪನವರು ಕರೆದರಂತೆ. "ನನ್ನ ಲೆಕ್ಕಕ್ಕೆ ಇಟ್ಕಳ್ಳಿಲ್ಲ ಅಪ್ಪ. ನನ್ನ ಕೈಲಿ ಮಣ್ಣು ಯಾಕೆ" ಅಂದಳಂತೆ. ಗುಂಡಿ ಮುಚ್ಚುವವರೆಗೂ ನಿಂತಿದ್ದು ಹೋದಳು.

ಮೋಹನ್‌ಕುಮಾರಣ್ಣ ಅಲ್ಲಿಯೇ ಕಿವಿಯಲ್ಲಿ, ಬರುವ ಭಾನುವಾರ ದೊಡ್ಡ ನೆನಪಿನ ಪ್ರೋಗ್ರಾಂ ಆಗಬೇಕು ಅಂದರು.

23 ನವೆಂಬರ್, ಶನಿವಾರ

ನೆನಪಿನ ಪ್ರೋಗ್ರಾಂಗೆ ಅಪ್ಪನ ಕಡೆಯ ಚಿತ್ರಗಳು ಬೇಕಿತ್ತು. ಮೊಬೈಲಿನಲ್ಲಿ ಹಿಡಿದಿದ್ದನ್ನು, ಸೆಪ್ಟೆಂಬರ್ ಹದಿನೈದರದ್ದನ್ನು, ಲ್ಯಾಪ್‌ಟಾಪಿಗೆ ಹಾಕಿದೆ. ಪಕ್ಕದಲ್ಲಿ 2018ರ ಮೂಲ ರೆಕಾರ್ಡಿಂಗ್ ಇತ್ತು. ಒಂದರ ಕೆಳಗೆ ಒಂದು ಕೂತವು.

ಎರಡರಲ್ಲೂ ಅದೇ ಮಾತಿನ ಗೆರೆ. ಎರಡರಲ್ಲೂ ಮಾತು ಮುಗಿದ ಮೇಲೆ ಅಷ್ಟೇ ಖಾಲಿ. ಎರಡರಲ್ಲೂ ಅದೇ ಜಾಗದಲ್ಲಿ ಮುಳ್ಳು. ಮೇಲಿನದು ಚಪ್ಪಾಳೆ. ಕೆಳಗಿನದು ಮಂಚದ ಪಟ್ಟಿ.

ತಾಳ ಅಲ್ಲ ಅದು. ಸಂತೋಷವೂ ಅಲ್ಲ. ಒಂದು ಕೈಯಲ್ಲಿ ಚಪ್ಪಾಳೆ ಹೇಗೆ ತಟ್ಟುತ್ತಾರೆ? ನಾನು ಎಲ್ಲಿ ಕತ್ತರಿಸಿ ತೆಗೆದಿದ್ದೆನೋ ಅಲ್ಲಿಗೇ ಅಪ್ಪ ಅದನ್ನು ತಿರುಗಿ ಇಡುತ್ತಿದ್ದರು, ವಾರ ವಾರವೂ. ತೆಗಿ, ತೆಗಿ ಎಂದು ನನ್ನ ಮುಖ ನೋಡಿಕೊಂಡು ಹೇಳುತ್ತಿದ್ದರು. ನಾನು ದಿಂಬು ಇಟ್ಟೆ.

ಚಪ್ಪಾಳೆಯ ಮೇಲೆ ಅಪ್ಪ ಗಂಟಲು ಕಟ್ಟಿ ಹೇಳಿದ್ದು ಏನು ಅಂತ ಈ ಪುಸ್ತಕದಲ್ಲಿ ನಾನು ಬರೆದಿಲ್ಲ. ಅವತ್ತೇ ಕೇಳಿಸಿಕೊಂಡಿದ್ದೆ. "ದೇವರು ನನಗೆ ಇಬ್ಬರು ಹೆಣ್ಣುಮಕ್ಕಳನ್ನ ಕೊಟ್ಟ. ದೊಡ್ಡೋಳು..." ಅಷ್ಟಕ್ಕೆ ಅಳು ಬಂದು ಎದ್ದುಹೋಗಿದ್ದಾರೆ. ಖಾಲಿ ಕುರ್ಚಿ ತುಂಬ ಹೊತ್ತು ಕಾಣುತ್ತದೆ. ಆಚೆ ಯಾವ ಲಾರಿಯೂ ಹೋಗಿಲ್ಲ.

ಮೋಹನ್‌ಕುಮಾರಣ್ಣ ಫೋನ್ ಮಾಡಿದರು. "ಆ ಒಬ್ಳೇ ಮಗ್ಳು ಅನ್ನೋದ ಮರ್ತ್‌ಬುಟ್ಟಿಯೆ, ಜನಕ್ಕೆ ಅದೇ ಬೇಕು."

"ಪ್ರೋಗ್ರಾಂ ಇಲ್ಲ ಅಣ್ಣ" ಅಂದೆ. ಅವರು ಇನ್ನೂ ಮಾತಾಡುತ್ತಿದ್ದರು, ಫೋನ್ ಆಫ್ ಮಾಡಿದೆ.

25 ನವೆಂಬರ್, ಸೋಮವಾರ

ಲ್ಯಾಪ್‌ಟಾಪ್ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಚನ್ನರಾಯಪಟ್ಟಣದ ಬಸ್ ಹತ್ತಿದೆ. ಅಲ್ಲಿಂದ ಬೆಳಗೊಳ, ಅಲ್ಲಿಂದ ಆಟೋ. ಜಿನನಾಥಪುರಕ್ಕೆ ಹೋದಾಗ ಸೂರ್ಯ ಇಳಿಯುತ್ತಿದ್ದ. ಅವರ ಮನೆಯಲ್ಲಿ ಎಲೆ ಹಾಕಿದ್ದರು. ಅಕ್ಕನ ಅತ್ತೆ ಮರುದೇವಮ್ಮ ನಾನು ಯಾರು, ಯಾಕೆ ಬಂದೆ ಒಂದೂ ಕೇಳದೆ, "ಒತ್ತು ಮುಳುಗೋದ್ರೊಳ್ಗೆ ಎರಡ್ ತುತ್ತು ಉಣ್ಣಮ್ಮ, ಆಮೇಲೆ ನಮ್ಮಲ್ಲಿ ಒಲೆ ಅಚ್ಚಲ್ಲ" ಅಂದರು. ಎರಡು ತುತ್ತು ಉಂಡು ಎದ್ದೆ.

ಜಗಲಿಯ ಮೇಲೆ ಕೂತು ಅಕ್ಕನಿಗೆ ಮೂಲ ರೆಕಾರ್ಡಿಂಗ್ ತೋರಿಸಿದೆ. ಬಿಳಿ ಶರಟು. ಮಾತು. ಚಪ್ಪಾಳೆ. ಇಬ್ಬರು ಹೆಣ್ಣುಮಕ್ಕಳು, ದೊಡ್ಡೋಳು. ಖಾಲಿ ಕುರ್ಚಿ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನೋಡಿದಳು. "ಚಪ್ಪಾಳೆ ತಟ್ಟವ್ರೆ" ಅಂದಳು. "ತಟ್ಟವ್ರೆ ಕಣೇ ಅಪ್ಪ." ಮತ್ತೆ ಹಾಕು ಅಂದಳು, ಮತ್ತೆ ಹಾಕಿದೆ. ಆಮೇಲೆ ಮಂಚದ ಮೇಲಿನದನ್ನು ತೋರಿಸಿದೆ, ಪಟ್ ಎಂಬ ಸದ್ದಿಗೆ ಅವಳಿಗೆ ಅರ್ಥವಾಯಿತು, ನನ್ನ ಕೈ ಹಿಡಿದುಕೊಂಡಳು. ಅವಳು ಬೈಯುತ್ತಾಳೆ ಎಂದು ಬಂದಿದ್ದೆ. ಕೈ ಹಿಡಿದದ್ದನ್ನು ತಡೆದುಕೊಳ್ಳಲಾಗಲಿಲ್ಲ.

ನಾನು ನಿಲ್ಲಿಸುವಷ್ಟರಲ್ಲಿ ಅದರ ಮುಂದಿನ ತುಣುಕು ತಾನಾಗಿ ಶುರುವಾಯಿತು, ಅಕ್ಟೋಬರಿನದು. ಅದೇ ಮಂಚ, ಅದೇ ಶಾಲು. ಟಿವಿಯಿಂದ ಅಪ್ಪನ ಧ್ವನಿ. ಅಕ್ಕ ಮುಂದಕ್ಕೆ ಬಾಗಿದಳು.

"ಸದ್ದು ಯಾಕ್ ಬತ್ತಿಲ್ಲ ಇದ್ರಲ್ಲಿ? ಅಪ್ಪನ್ ಕೈ ಕೆಳ್ಗೆ ಅದೇನೇ?"

"ದಿಂಬು."

"ಯಾರ್ ಇಟ್ಟಿದ್ದು?"

"ನಾನು" ಅಂದೆ.

ಅಕ್ಕ ನನ್ನ ಕೈ ಬಿಟ್ಟಳು. ಬೈಯಲಿಲ್ಲ, ಎದ್ದೂ ಹೋಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಲು ಹೋದರೆ ಬಿಡಲಿಲ್ಲ. ಅಪ್ಪನ ಕೈ ಏಳುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ನಾವಿಬ್ಬರೂ ಅದು ಮುಗಿಯುವವರೆಗೂ ನೋಡಿದೆವು.